ದೇವರ ಮೈಗೆ ನೋವುಂಟೇ?

ಕೋಯಂಬೇಡಿನ ಸಗಟು ಮಾರುಕಟ್ಟೆಗೆ ಬೆಳಗಿನ ಜಾವ ತರಕಾರಿಗೆಂದು ಹೋಗುವ ನಮ್ಮ ಹೋಟೆಲು ಬಂಧುಗಳು ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲರು. ಮೂಟೆಗಳು ಗಾಡಿಗೇರುವ ತನಕ ಕಾಯಬೇಕಾದ ಆ ಅರ್ಧ ಗಂಟೆಯಲ್ಲಿ ಊರಿನ ಮಳೆಬೆಳೆಯಿಂದ ಹಿಡಿದು ವೇದಾಂತದವರೆಗೆ ಸಕಲ ವಿಷಯಗಳೂ ಚರ್ಚೆಗೆ ಬರುವುವು. ಕ್ರಿಸ್‌ಮಸ್ ಸಮೀಪಿಸಿದ್ದ ಒಂದು ದಿನ ಅಲ್ಲಿ ನಮ್ಮ ಕಿವಿಗೆ ಬಿದ್ದ ವಾದವೊಂದನ್ನು ವಾಚಕ ಮಹಾಶಯರ ಮುಂದಿಡುತ್ತೇವೆ.

ವಾದಿಗಳಿಬ್ಬರೂ ಒಂದೇ ಹೋಟೆಲಿನವರು. ಒಂದೇ ಕೊಠಡಿಯಲ್ಲಿ ವಾಸಿಸುವವರು. ಒಬ್ಬರು ಕುಂದಾಪುರದ ಕಡೆಯ ಅಡಿಗೆ ಭಟ್ಟರು. ಇನ್ನೊಬ್ಬನು ಲೆಕ್ಕ ಬರೆಯುವ ಮಂಗಳೂರಿನ ಕ್ರೈಸ್ತ ಯುವಕ.

“ನಮ್ಮ ದೇವರು ಹತ್ತು ಸಲ ಅವತರಿಸಿದ್ದಾನೆ. ನಿಮ್ಮ ಏಸುವನ್ನು ಹನ್ನೊಂದನೆಯದಾಗಿ ಸೇರಿಸಿಕೊಂಡರಾಯಿತು. ಅಷ್ಟಕ್ಕೆ ಏಕೆ ವಾದ, ಮಾರಾಯ?” ಎಂದರು ಭಟ್ಟರು.

“ಭಟ್ರೇ, ನಿಮ್ಮ ಪ್ರೀತಿ ದೊಡ್ಡದು. ಆದರೆ ಲೆಕ್ಕ ಕೂಡುವುದಿಲ್ಲ,” ಎಂದನು ಯುವಕ.

ಲೆಕ್ಕವು ಏಕೆ ಕೂಡುವುದಿಲ್ಲವೆಂಬುದನ್ನು ವಿಚಾರಿಸುವುದು ಯುಕ್ತ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಕೋಯಂಬೇಡಿನಲ್ಲಿಯೇ ಕುರುಂಗಾಲೀಶ್ವರನ ಪ್ರಾಚೀನ ದೇವಾಲಯವಿದೆ. ರಾಮನ ಯಾಗಾಶ್ವವನ್ನು ಲವಕುಶರು ಕಟ್ಟಿಹಾಕಿದ ಸ್ಥಳವಿದೆಂದೂ, ತಂದೆಯೆಂದರಿಯದೆ ಅವನೊಡನೆ ಕಾದಿದ ಪಾಪದ ಪರಿಹಾರಕ್ಕಾಗಿ ಕುಶನು ಇಲ್ಲಿ ಶಿವನನ್ನು ಪೂಜಿಸಿದನೆಂದೂ ಸ್ಥಳಪುರಾಣವು ಹೇಳುವುದು. ಅವತಾರಪುರುಷನು ಮನುಷ್ಯರ ನಡುವೆ ಎಷ್ಟರ ಮಟ್ಟಿಗೆ ಮನುಷ್ಯನಾಗಿ ಬೆರೆತಿದ್ದನೆಂದರೆ, ಹೆತ್ತ ಮಕ್ಕಳೇ ಅವನ ಗುರುತನ್ನು ಹಿಡಿಯಲಿಲ್ಲ!

ಆದರೆ ಆ ರಾಮನ ದುಃಖವು ನಿಜವಾದ ದುಃಖವೇ? ಉಡುಪಿಯಲ್ಲಿ ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿದ ಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದ್ದಾರೆ. ಭಗವಂತನ ಅವತಾರದೇಹವು ನಮ್ಮ ದೇಹದಂತೆ ಪ್ರಕೃತಿಯಿಂದಾದುದಲ್ಲ. ಸೀತೆಗಾಗಿ ರಾಮನು ಅತ್ತುದು ಲೋಕವನ್ನು ಮೋಹಗೊಳಿಸುವ ಲೀಲೆಯೇ ಹೊರತು ನೋವಲ್ಲ. ದೇವರು ಪೂರ್ಣನಾದುದರಿಂದ ಅವನಿಗೆ ದುಃಖವು ಸೋಂಕಲಾರದೆಂಬುದು ಈ ಸಿದ್ಧಾಂತದ ತಿರುಳು.

ಕ್ರೈಸ್ತರಲ್ಲಿಯೂ ಮೊದಲ ಶತಮಾನಗಳಲ್ಲಿ ಇಂಥ ಮತವೊಂದು ತಲೆದೋರಿತ್ತು. ಏಸುವಿನ ದೇಹವು ತೋರಿಕೆಯದು, ಶಿಲುಬೆಯ ಯಾತನೆಯೂ ತೋರಿಕೆಯದೇ ಎಂದು ಕೆಲವರು ಸಾರಿದರು. ಸಭೆಯು ಅದನ್ನು ತಿರಸ್ಕರಿಸಿತು. 325ರಲ್ಲಿ ನೈಸಿಯಾ ಪಟ್ಟಣದಲ್ಲಿ ನೆರೆದ ಧರ್ಮಾಧ್ಯಕ್ಷರು, ಕ್ರಿಸ್ತನು ಸೃಷ್ಟಿಯಾದವನಲ್ಲ, ತಂದೆಯಾದ ದೇವರೊಡನೆ ಏಕಸತ್ವನು ಎಂದು ನಿರ್ಣಯಿಸಿದರು. 451ರಲ್ಲಿ ಕಾಲ್ಸಿಡನ್ ಸಭೆಯು ಇನ್ನೊಂದು ಹೆಜ್ಜೆ ಮುಂದಿಟ್ಟು, ಅವನು ಪೂರ್ಣದೇವನೂ ಹೌದು, ಪೂರ್ಣಮನುಷ್ಯನೂ ಹೌದು. ಒಬ್ಬನೇ ವ್ಯಕ್ತಿ, ಎರಡು ಸ್ವಭಾವ. ಅವು ಬೆರೆತು ಕೆಡವು, ಬೇರ್ಪಟ್ಟು ಹೋಗವು ಎಂದು ಸಾರಿತು. ದೈವಸ್ವಭಾವಕ್ಕೆ ನೋವಿಲ್ಲ, ಆದರೆ ತಾನು ಧರಿಸಿದ ಮಾನುಷಸ್ವಭಾವದಲ್ಲಿ ಆ ವ್ಯಕ್ತಿಯೇ ನಿಜವಾಗಿ ನೊಂದನು. ಆತನು ಬಡಗಿಯ ಕೆಲಸ ಮಾಡಿದನು, ಹಸಿದನು, ದಣಿದು ದೋಣಿಯಲ್ಲಿ ಮಲಗಿದನು, ಗೆಳೆಯನ ಮರಣಕ್ಕೆ ಕಣ್ಣೀರಿಟ್ಟನು. ಇದು ಯುಗಯುಗಕ್ಕೂ ನಡೆಯುವ ಕಾರ್ಯವಲ್ಲ, ಒಮ್ಮೆಗೇ ನಡೆದುಹೋದುದು. ಆ ಮನುಷ್ಯತ್ವವನ್ನು ಅವನು ಮತ್ತೆ ಕಳಚಲಿಲ್ಲ ಎಂಬುದೇ ಅವರ ನಂಬಿಕೆ. ಹನ್ನೊಂದನೆಯ ಸ್ಥಾನವು ಹೊಂದದಿರುವುದು ಈ ಕಾರಣದಿಂದ.

ಕೋಯಂಬೇಡಿನಿಂದ ಮೆಟ್ರೋ ರೈಲಿನಲ್ಲಿ ದಕ್ಷಿಣಕ್ಕೆ ಹೊರಟರೆ ಕೊನೆಯ ನಿಲ್ದಾಣ ಪರಂಗಿಮಲೈ. ಏಸುವಿನ ಶಿಷ್ಯನಾದ ತೋಮನು ಇಲ್ಲಿಯ ಗುಡ್ಡದ ಮೇಲೆ ಪ್ರಾಣಬಿಟ್ಟನೆಂದು ಐತಿಹ್ಯ. ಸತ್ತು ಎದ್ದು ಬಂದ ಗುರುವಿನ ಗಾಯಗಳನ್ನು ಮುಟ್ಟಿ ನೋಡದೆ ನಂಬೆನೆಂದು ಹಟಹಿಡಿದವನು ಇವನೇ. 1523ರಲ್ಲಿ ಪೋರ್ಚುಗೀಸರು ಆ ಗುಡ್ಡದ ಮೇಲೆ ಕಟ್ಟಿದ ಇಗರ್ಜಿಯು ನಿರೀಕ್ಷೆಯ ಮಾತೆಗೆ, ಅಂದರೆ ಹೆರಿಗೆಯ ದಿನವನ್ನು ಎದುರುನೋಡುವ ಮರಿಯಮ್ಮನಿಗೆ ಮೀಸಲು. ಡಿಸೆಂಬರ್ 18 ಅವಳ ಹಬ್ಬ. ದೇವರು ನವಮಾಸ ಒಬ್ಬ ತಾಯಿಯ ಗರ್ಭದಲ್ಲಿದ್ದನೆಂಬ ಮಾತನ್ನು ಇದಕ್ಕಿಂತ ಸರಳವಾಗಿ ಹೇಳುವುದೆಂತು!

ಕನ್ನಡಕ್ಕೆ ಈ ವಿಷಯವು ಹೊಸದಲ್ಲ. 1894ರ ನಿಘಂಟಿನಿಂದ ನಮಗೆ ಚಿರಪರಿಚಿತರಾದ ಕಿಟ್ಟೆಲರು 1862ರಲ್ಲಿಯೇ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿಗೆ ಅಳವಡಿಸಿದರು. ನಮ್ಮ ಕ್ರೈಸ್ತರು ‘ನರಾವತಾರ’ ಎನ್ನುವಾಗ ನಮ್ಮದೇ ಶಬ್ದದಲ್ಲಿ ತಮ್ಮ ಅರ್ಥವನ್ನು ತುಂಬುತ್ತಾರೆ. ಮದರಾಸು ಸರಕಾರದಿಂದ 1949ರಲ್ಲಿ ರಾಷ್ಟ್ರಕವಿಯೆನಿಸಿದ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ‘ಗೊಲ್ಗೊಥಾ’ದಲ್ಲಿ ಏಸುವಿನ ಕಡೆಯ ದಿನದ ಯಾತನೆಯನ್ನು ಹಾಡಿದರು. ಅನ್ಯರ ನಂಬಿಕೆಯನ್ನು ತನ್ನದರೊಳಗೆ ಕರಗಿಸದೆಯೂ ಗೌರವಿಸಬಹುದೆಂಬುದಕ್ಕೆ ಬೇರೆ ನಿದರ್ಶನವೇಕೆ?

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಗಲ್ಲೆಯ ಮೇಲೆ ಕುಳಿತಿದ್ದ ಕಾಲದಲ್ಲಿ, ತಟ್ಟೆಲೋಟ ತೊಳೆಯುತ್ತಿದ್ದ ತರುಣನೊಬ್ಬ ಮೈಯೆಲ್ಲ ನೋವೆಂದು ಬಂದು ನಿಂತನು. ಹಬ್ಬದ ದಿನ, ಗಿರಾಕಿಗಳ ನೂಕುನುಗ್ಗಲು. “ನಾಟಕ ಮಾಡಬೇಡ, ಹೋಗು” ಎಂದೆವು. ಸಂಜೆಗೆ ಅವನು ತೊಟ್ಟಿಯ ಬಳಿ ಕುಸಿದುಬಿದ್ದನು. ಅದು ವಿಷಮಶೀತಜ್ವರ. ಗುಣವಾಗಿ ಊರಿಗೆ ಹೋದವನು ಮತ್ತೆ ಬರಲಿಲ್ಲ. ದೇವರ ನೋವು ನಿಜವೋ ಲೀಲೆಯೋ ಎಂಬುದನ್ನು ಆಚಾರ್ಯರೂ ಧರ್ಮಸಭೆಗಳೂ ಚರ್ಚಿಸಲಿ. ಮನುಷ್ಯನ ನೋವನ್ನು ನಾಟಕವೆನ್ನಲು ಯಾವ ಮತವೂ ನಮಗೆ ಅಧಿಕಾರವಿತ್ತಿಲ್ಲ. ಕಡೆಯ ರಾತ್ರಿ ಏಸು ಶಿಷ್ಯರ ಕಾಲು ತೊಳೆದನೆಂದು ಆ ಯುವಕನು ಹೇಳಿದಾಗ ನಮಗೆ ನೆನಪಾದುದು ಆ ತೊಟ್ಟಿ.

ಅಷ್ಟರಲ್ಲಿ ಮೂಟೆಗಳು ಗಾಡಿಗೇರಿದುವು. “ಆಯಿತು, ಲೆಕ್ಕ ಬೇರೆ ಬೇರೆ ಇರಲಿ. ಇಪ್ಪತ್ತೈದರಂದು ನಿನ್ನ ಬೆಳಗಿನ ಪಾಳಿ ನಾನು ನೋಡಿಕೊಳ್ಳುತ್ತೇನೆ, ಇಗರ್ಜಿಗೆ ಹೋಗಿ ಬಾ,” ಎಂದರು ಭಟ್ಟರು. ಯುವಕನು ಭಾರದ ಚೀಲವನ್ನು ಅವರ ಕೈಯಿಂದ ತೆಗೆದುಕೊಂಡು ಮುಂದೆ ನಡೆದನು.