ಜೀವ ನೀತಿಶಾಸ್ತ್ರದ ಪರಿಚಯ ಮತ್ತು ಮುಂಗಡ ವೈದ್ಯಕೀಯ ನಿರ್ದೇಶನ: ಸಾರ್ವಜನಿಕರ ಹಾಗೂ ಆರೋಗ್ಯ ಸಿಬ್ಬಂದಿಯ ಮಾಹಿತಿಗಾಗಿ

1. ಪೀಠಿಕೆ

ಗುಣವಾಗುವ ಭರವಸೆ ಇಲ್ಲದ ಸ್ಥಿತಿ ಒದಗಿದಲ್ಲಿ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಪ್ರಜ್ಞೆ ಸ್ವಾಧೀನದಲ್ಲಿರುವಾಗಲೇ ಬರೆದಿಡುವ ಅವಕಾಶವು ಇಂದು ಪ್ರತಿಯೊಬ್ಬ ವಯಸ್ಕ ನಾಗರಿಕರಿಗೂ ಇರುತ್ತದೆ. ಇದನ್ನು ಮುಂಗಡ ವೈದ್ಯಕೀಯ ನಿರ್ದೇಶನ ಎಂದು ಕರೆಯಲಾಗುತ್ತದೆ. ಜನಸಾಮಾನ್ಯರಲ್ಲಿ ಲಿವಿಂಗ್ ವಿಲ್ ಎಂಬ ಹೆಸರೂ ಬಳಕೆಯಲ್ಲಿದೆ.

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡು ಗ್ರಾಮಗಳಿಂದ ತೀವ್ರ ಅಸ್ವಸ್ಥರಾದವರನ್ನು ಮೊದಲು ತಾಲ್ಲೂಕು ಆಸ್ಪತ್ರೆಗೂ, ಅಲ್ಲಿಂದ ಹಾಸನಕ್ಕೋ ಶಿರಾಡಿ ಘಾಟಿ ಇಳಿದು ಮಂಗಳೂರಿಗೋ ಸಾಗಿಸುವುದು ವಾಡಿಕೆ. ಮನೆಯಿಂದ ದೂರದ ಆಸ್ಪತ್ರೆಯ ತೀವ್ರ ನಿಗಾ ಘಟಕದ ಹೊರಗೆ ಕುಳಿತ ಮಕ್ಕಳನ್ನು "ಉಸಿರಾಟದ ಯಂತ್ರ ಮುಂದುವರಿಸಬೇಕೇ?" ಎಂದು ವೈದ್ಯರು ಕೇಳಿದಾಗ, ಅವರಿಗೆ ತಂದೆ ತಾಯಿಯ ಇಚ್ಛೆ ಏನೆಂಬುದು ತಿಳಿದಿರುವುದಿಲ್ಲ. ಒಬ್ಬ ಮಗ ಒಂದು ಹೇಳಿದರೆ ಇನ್ನೊಬ್ಬ ಮಗ ಇನ್ನೊಂದು ಹೇಳುವನು. ಕೊನೆಗೆ ಕೈಯಲ್ಲಿದ್ದ ಹಣ ತೀರಿದ ದಿನವೇ ತೀರ್ಮಾನದ ದಿನವಾಗುವುದೂ ಉಂಟು. ಇಂತಹ ತೀರ್ಮಾನ ಯಾರದಾಗಿರಬೇಕು, ಯಾವ ಆಧಾರದ ಮೇಲೆ ಆಗಬೇಕು ಎಂಬುದನ್ನು ವಿಚಾರಿಸುವ ಶಾಸ್ತ್ರವೇ ಜೀವ ನೀತಿಶಾಸ್ತ್ರ. ಮುಂಗಡ ನಿರ್ದೇಶನ ಬರೆಯಲು ಇಚ್ಛಿಸುವ ನಾಗರಿಕರಿಗೂ, ಅದನ್ನು ಜಾರಿಗೆ ತರಬೇಕಾದ ವೈದ್ಯರು ಹಾಗೂ ಶುಶ್ರೂಷಕರಿಗೂ ಈ ಶಾಸ್ತ್ರದ ಮೂಲಾಂಶಗಳು ತಿಳಿದಿರುವುದು ಅವಶ್ಯಕ.

2. ಅರುಣಾ ಶಾನಭಾಗ ಪ್ರಕರಣ

ಭಾರತದಲ್ಲಿ ಈ ವಿಷಯವು ಕಾನೂನಿನ ರೂಪ ಪಡೆಯಲು ಕಾರಣರಾದವರು ಕರ್ನಾಟಕದವರೇ ಆದ ಒಬ್ಬ ಶುಶ್ರೂಷಕಿ. ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಸೇವೆಯಲ್ಲಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬನು ಅವರ ಮೇಲೆ ಹಲ್ಲೆ ನಡೆಸಿ ಕುತ್ತಿಗೆಗೆ ಸರಪಳಿ ಬಿಗಿದುದರಿಂದ ಮಿದುಳಿಗೆ ಆಮ್ಲಜನಕ ತಲುಪದೆ, ಅವರು ಮತ್ತೆ ಎಂದೂ ಚೇತರಿಸಿಕೊಳ್ಳಲಿಲ್ಲ. ಆಗ ಅವರಿಗೆ 25 ವರ್ಷ ವಯಸ್ಸು.

ಅಂದಿನಿಂದ 41 ವರ್ಷಗಳಿಗೂ ಮೀರಿ ಅದೇ ಆಸ್ಪತ್ರೆಯ ಶುಶ್ರೂಷಕಿಯರು, ಒಂದು ತಲೆಮಾರು ನಿವೃತ್ತಿಯಾಗಿ ಇನ್ನೊಂದು ತಲೆಮಾರು ಬಂದರೂ, ಅವರ ಆರೈಕೆಯನ್ನು ಕೈಬಿಡಲಿಲ್ಲ. ಲೇಖಕಿ ಪಿಂಕಿ ವಿರಾಣಿ ಅವರು ಅರುಣಾ ಅವರಿಗೆ ಆಹಾರ ನೀಡುವುದನ್ನು ನಿಲ್ಲಿಸಿ ಶಾಂತಿಯಿಂದ ಮರಣ ಹೊಂದಲು ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿದರು. ಆಸ್ಪತ್ರೆಯ ಸಿಬ್ಬಂದಿ ಇದನ್ನು ವಿರೋಧಿಸಿದರು. 2011ರ ಮಾರ್ಚ್ 7ರಂದು ನ್ಯಾಯಾಲಯವು ಅರ್ಜಿಯನ್ನು ತಿರಸ್ಕರಿಸಿತು. ಇಷ್ಟು ಕಾಲ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಅರುಣಾ ಅವರ ಆಪ್ತರೆಂದು ಪರಿಗಣಿಸಿತು. ಆದರೆ ಅದೇ ತೀರ್ಪಿನಲ್ಲಿ, ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳುವ ನಿಷ್ಕ್ರಿಯ ದಯಾಮರಣಕ್ಕೆ ಉಚ್ಚ ನ್ಯಾಯಾಲಯದ ಅನುಮತಿಯೊಂದಿಗೆ ಅವಕಾಶವಿದೆ ಎಂದು ತಿಳಿಸಿತು. ಅರುಣಾ ಅವರು 2015ರ ಮೇ 18ರಂದು ನಿಧನರಾದರು.

3. ಪ್ರಮುಖ ನೀತಿ ಸಿದ್ಧಾಂತಗಳು

ಮೇಲ್ಕಂಡ ಪ್ರಕರಣದಲ್ಲಿ ಅರ್ಜಿ ಸಲ್ಲಿಸಿದವರೂ ವಿರೋಧಿಸಿದವರೂ ರೋಗಿಯ ಹಿತವನ್ನೇ ಬಯಸಿದ್ದರು. ಹೀಗಿದ್ದೂ ಭಿನ್ನ ನಿರ್ಣಯಕ್ಕೆ ಬಂದುದು ಏಕೆ ಎಂಬುದು ಈ ಕೆಳಕಂಡ ಸಿದ್ಧಾಂತಗಳಿಂದ ತಿಳಿದುಬರುತ್ತದೆ.

ಅ) ಪರಿಣಾಮವಾದ: ಇಂಗ್ಲೆಂಡಿನ ಜೆರೆಮಿ ಬೆಂಥಮ್ ಮತ್ತು ಜಾನ್ ಸ್ಟುವರ್ಟ್ ಮಿಲ್ ಅವರು ಪ್ರತಿಪಾದಿಸಿದ ಉಪಯುಕ್ತತಾವಾದವು ಇದರ ಮುಖ್ಯ ಶಾಖೆ. ಕಾರ್ಯವೊಂದರ ಒಳಿತು ಕೆಡುಕು ಅದರ ಫಲಿತಾಂಶವನ್ನು ಅವಲಂಬಿಸಿರುತ್ತದೆ ಎಂಬುದು ಇದರ ಸಾರಾಂಶ. ಹಾಸಿಗೆ, ಔಷಧ, ಸಿಬ್ಬಂದಿ ಮಿತವಾಗಿರುವ ಕಡೆ ಯಾರಿಗೆ ಮೊದಲು ಚಿಕಿತ್ಸೆ ಎಂದು ನಿರ್ಧರಿಸಲು ಈ ದೃಷ್ಟಿ ಬೇಕಾಗುತ್ತದೆ. ಆದರೆ ನೋವು ನಲಿವುಗಳನ್ನು ಜಮಾ ಖರ್ಚಿನಂತೆ ಬರೆಯಲು ಹೊರಟಾಗ, ಮಾತನಾಡಲಾರದ ರೋಗಿಯನ್ನು ಸುಲಭವಾಗಿ ಖರ್ಚಿನ ಬಾಬ್ತಿಗೆ ಸೇರಿಸಿಬಿಡುವ ಅಪಾಯವಿದೆ.

ಆ) ಕರ್ತವ್ಯವಾದ: ಜರ್ಮನಿಯ ಇಮ್ಯಾನುಯೆಲ್ ಕಾಂಟ್ ಅವರ ಪ್ರಕಾರ ಮನುಷ್ಯನನ್ನು ಎಂದಿಗೂ ಕೇವಲ ಸಾಧನವಾಗಿ ಬಳಸತಕ್ಕದ್ದಲ್ಲ. ಫಲಿತಾಂಶ ಏನೇ ಇರಲಿ, ಸುಳ್ಳು ಹೇಳದಿರುವುದು, ಒಪ್ಪಿಗೆಯಿಲ್ಲದೆ ಮುಟ್ಟದಿರುವುದು ಕರ್ತವ್ಯವೇ ಆಗಿರುತ್ತದೆ. ಎರಡು ಕರ್ತವ್ಯಗಳು ಎದುರುಬದುರಾದಾಗ, ಅಂದರೆ ಜೀವ ಉಳಿಸುವ ಕರ್ತವ್ಯ ಮತ್ತು ರೋಗಿಯ ಮಾತಿಗೆ ಮನ್ನಣೆ ಕೊಡುವ ಕರ್ತವ್ಯ ಬೇರೆ ಬೇರೆ ದಾರಿ ತೋರಿಸಿದಾಗ, ಈ ಸಿದ್ಧಾಂತದಿಂದ ಮಾತ್ರವೇ ಉತ್ತರ ಸಿಗುವುದು ಕಷ್ಟ.

ಇ) ಸದ್ಗುಣವಾದ: ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಅವರಿಂದ ಬಂದ ಈ ವಿಚಾರವು "ಏನು ಮಾಡಬೇಕು" ಎಂಬುದಕ್ಕಿಂತ "ಎಂತಹವರಾಗಿರಬೇಕು" ಎಂದು ಕೇಳುತ್ತದೆ. ಪ್ರಾಮಾಣಿಕತೆ, ಅನುಕಂಪ, ಧೈರ್ಯ ಮತ್ತು ವಿವೇಕ ಉಳ್ಳ ವೈದ್ಯರು ನಿಯಮ ಪುಸ್ತಕದಲ್ಲಿ ಇಲ್ಲದ ಸಂದರ್ಭದಲ್ಲಿಯೂ ಸರಿಯಾಗಿ ನಡೆದುಕೊಳ್ಳುವರು.

ಈ) ಆರೈಕೆಯ ನೀತಿ: ಅಮೆರಿಕದ ಮನೋವಿಜ್ಞಾನಿ ಕರೋಲ್ ಗಿಲ್ಲಿಗನ್ ಅವರು 1982ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಚಾರಕ್ಕೆ ಬಂದ ಈ ವಿಚಾರವು ಸಂಬಂಧ ಮತ್ತು ಹೊಣೆಗಾರಿಕೆಗೆ ಪ್ರಾಧಾನ್ಯ ನೀಡುತ್ತದೆ. ಕೆ.ಇ.ಎಂ. ಆಸ್ಪತ್ರೆಯ ಶುಶ್ರೂಷಕಿಯರು ನಡೆದು ತೋರಿಸಿದ್ದು ಇದನ್ನೇ ಎನ್ನಬಹುದು.

4. ನಾಲ್ಕು ಸೂತ್ರಗಳು

ಆಸ್ಪತ್ರೆಯ ದೈನಂದಿನ ಕೆಲಸಕ್ಕೆ ಅನುಕೂಲವಾಗುವಂತೆ ಅಮೆರಿಕದ ಟಾಮ್ ಬೋಷಾಂಪ್ ಮತ್ತು ಜೇಮ್ಸ್ ಚಿಲ್‌ಡ್ರೆಸ್ ಅವರು 1979ರಲ್ಲಿ ನಾಲ್ಕು ಸೂತ್ರಗಳನ್ನು ಮುಂದಿಟ್ಟರು. ಕಾಡಾನೆ ದಾಳಿಯಿಂದ ಗಾಯಗೊಂಡ, ಹೊರ ರಾಜ್ಯದಿಂದ ಬಂದ ಕಾಫಿ ತೋಟದ ಕಾರ್ಮಿಕರೊಬ್ಬರನ್ನು ಆಸ್ಪತ್ರೆಗೆ ತರಲಾಗಿದೆ ಎಂದು ಭಾವಿಸಿದಲ್ಲಿ, ಈ ಸೂತ್ರಗಳು ಹೀಗೆ ಅನ್ವಯವಾಗುತ್ತವೆ.

• ಸ್ವಾಯತ್ತತೆ: ಪ್ರಜ್ಞೆ ಇದ್ದಲ್ಲಿ ಒಪ್ಪಿಗೆ ನೀಡಬೇಕಾದವರು ಅವರೇ ಹೊರತು ತೋಟದ ಮಾಲೀಕರಲ್ಲ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸದೆ ಪಡೆದ ಹೆಬ್ಬೆಟ್ಟಿನ ಗುರುತು ಒಪ್ಪಿಗೆ ಎನಿಸುವುದಿಲ್ಲ.
• ಹಿತಸಾಧನೆ: ರೋಗಿಗೆ ಒಳಿತಾಗುವ ಚಿಕಿತ್ಸೆಯನ್ನು ವಿಳಂಬವಿಲ್ಲದೆ ನೀಡುವುದು.
• ಅಹಿತ ಮಾಡದಿರುವುದು: ಪ್ರಯೋಜನಕ್ಕಿಂತ ಯಾತನೆಯೇ ಹೆಚ್ಚಾಗುವ ಚಿಕಿತ್ಸೆಯನ್ನು ಹೇರದಿರುವುದು.
• ನ್ಯಾಯ: ತೋಟದ ಮಾಲೀಕರಿಗೂ ಕೂಲಿಯಾಳಿಗೂ ಅವಶ್ಯಕತೆಗೆ ಅನುಗುಣವಾಗಿ ಸಮಾನ ಚಿಕಿತ್ಸೆ ದೊರೆಯುವುದು.

ಈ ನಾಲ್ಕರ ಪೈಕಿ ರೋಗಿಯು ಪ್ರಜ್ಞೆ ಕಳೆದುಕೊಂಡಾಗ ಮೊದಲು ಕೈತಪ್ಪುವುದು ಸ್ವಾಯತ್ತತೆ. ಉಳಿದ ಮೂರನ್ನು ಇತರರು ಕಾಪಾಡಬಹುದು. ರೋಗಿಯ ಇಚ್ಛೆಯನ್ನು ಮಾತ್ರ ರೋಗಿಯೇ ತಿಳಿಸಬೇಕು. ಅರುಣಾ ಅವರ ಪ್ರಕರಣದಲ್ಲಿ ಇಲ್ಲದಿದ್ದುದು ಇದೊಂದೇ: ಅವರ ಸ್ವಂತ ಮಾತು. ಮುಂಗಡ ನಿರ್ದೇಶನದ ಉದ್ದೇಶ ಈ ಕೊರತೆಯನ್ನು ನೀಗಿಸುವುದೇ ಆಗಿರುತ್ತದೆ.

5. ಕಾನೂನಿನ ಈಗಿನ ಸ್ಥಿತಿ

ಕಾಮನ್ ಕಾಸ್ ಸಂಸ್ಥೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2018ರ ಮಾರ್ಚ್ 9ರಂದು, ಘನತೆಯಿಂದ ಮರಣ ಹೊಂದುವ ಹಕ್ಕು ಸಂವಿಧಾನದ 21ನೇ ಅನುಚ್ಛೇದದ ಭಾಗವೆಂದು ತೀರ್ಪು ನೀಡಿತು. ಆಗ ವಿಧಿಸಿದ ಕಾರ್ಯವಿಧಾನ ಕ್ಲಿಷ್ಟವಾಗಿದ್ದುದರಿಂದ 2023ರ ಜನವರಿ 24ರಂದು ಅದನ್ನು ಸರಳಗೊಳಿಸಲಾಯಿತು. ಈ ಆದೇಶವನ್ನು ರಾಜ್ಯದಲ್ಲಿ ಅನುಷ್ಠಾನಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ ಕೊನೆಯಲ್ಲಿ ಸುತ್ತೋಲೆ ಹೊರಡಿಸಿತು.

6. ನಿರ್ದೇಶನ ಪತ್ರ ಬರೆಯುವ ವಿಧಾನ

1) 18 ವರ್ಷ ತುಂಬಿದ, ಸ್ವಸ್ಥಚಿತ್ತರಾದ ಯಾರೇ ಆಗಲಿ ಯಾವುದೇ ಒತ್ತಾಯವಿಲ್ಲದೆ ಬರೆಯಬಹುದು.
2) ಯಾವ ಸಂದರ್ಭದಲ್ಲಿ ಯಾವ ಚಿಕಿತ್ಸೆಯನ್ನು ನಿಲ್ಲಿಸಬೇಕು ಅಥವಾ ಆರಂಭಿಸಬಾರದು ಎಂಬುದನ್ನು ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಬರೆಯತಕ್ಕದ್ದು. "ತೊಂದರೆ ಕೊಡಬೇಡಿ" ಎಂಬಂತಹ ಅಸ್ಪಷ್ಟ ಮಾತುಗಳಿಂದ ಪ್ರಯೋಜನವಾಗದು.
3) ತಮ್ಮ ಪರವಾಗಿ ಒಪ್ಪಿಗೆ ನೀಡಬಲ್ಲ ಒಬ್ಬರು ಅಥವಾ ಹೆಚ್ಚು ಮಂದಿ ಪೋಷಕರ ಅಥವಾ ಹತ್ತಿರದ ಬಂಧುಗಳ ಹೆಸರನ್ನು ನಮೂದಿಸತಕ್ಕದ್ದು.
4) ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿ ಮಾಡಿ, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯವರಿಂದ ದೃಢೀಕರಿಸಿಕೊಳ್ಳತಕ್ಕದ್ದು. ಸಾಕ್ಷಿಗಳು ಹಿತಾಸಕ್ತಿ ಇಲ್ಲದವರಾಗಿರುವುದು ಒಳ್ಳೆಯದು. ಇದಕ್ಕಾಗಿ ಈಗ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಅಗತ್ಯವಿಲ್ಲ.
5) ಪತ್ರದ ಪ್ರತಿಯನ್ನು ಅದರಲ್ಲಿ ಹೆಸರಿಸಿದವರಿಗೆ ಮತ್ತು ಕುಟುಂಬ ವೈದ್ಯರಿದ್ದಲ್ಲಿ ಅವರಿಗೆ ನೀಡತಕ್ಕದ್ದು. ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯಂತಹ ಸ್ಥಳೀಯ ಸಂಸ್ಥೆಯಲ್ಲಿ ಇದಕ್ಕಾಗಿ ನಿಯುಕ್ತರಾದ ಅಧಿಕಾರಿಗೂ ಒಂದು ಪ್ರತಿ ಸಲ್ಲಿಸತಕ್ಕದ್ದು.
6) ಬರೆದುದನ್ನು ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು ಅಥವಾ ಬದಲಾಯಿಸಬಹುದು. ಒಂದಕ್ಕಿಂತ ಹೆಚ್ಚು ಪತ್ರಗಳಿದ್ದಲ್ಲಿ ಕೊನೆಯದಾಗಿ ಸಹಿ ಮಾಡಿದ್ದು ಊರ್ಜಿತವಾಗುತ್ತದೆ.

7. ಆಸ್ಪತ್ರೆಯಲ್ಲಿ ಅನುಸರಿಸುವ ಕ್ರಮ

ಪತ್ರವಿದ್ದ ಮಾತ್ರಕ್ಕೆ ಚಿಕಿತ್ಸೆ ನಿಲ್ಲುವುದಿಲ್ಲ. ರೋಗಿಯು ಚೇತರಿಕೆಯ ಆಶೆಯಿಲ್ಲದ ಸ್ಥಿತಿಯಲ್ಲಿದ್ದು, ಸ್ವತಃ ತೀರ್ಮಾನಿಸಲು ಅಶಕ್ತರಾಗಿರಬೇಕು. ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವವುಳ್ಳ ಕನಿಷ್ಠ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿಯು ಮೊದಲು ಪರಿಶೀಲಿಸುತ್ತದೆ. ಬಳಿಕ ಜಿಲ್ಲಾ ಆರೋಗ್ಯಾಧಿಕಾರಿಯವರ ನಾಮನಿರ್ದೇಶಿತ ವೈದ್ಯರನ್ನು ಒಳಗೊಂಡ, ಬೇರೆಯೇ ತಜ್ಞರಿರುವ ದ್ವಿತೀಯ ಮಂಡಳಿಯು ಪರಿಶೀಲಿಸುತ್ತದೆ. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ಅಭಿಪ್ರಾಯ ನೀಡಬೇಕು. ಪತ್ರದಲ್ಲಿ ಹೆಸರಿಸಿದವರ ಒಪ್ಪಿಗೆ ಪಡೆದು, ತೀರ್ಮಾನವನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸಿದ ನಂತರವೇ ಜಾರಿಗೊಳಿಸಬೇಕು. ಮಂಡಳಿಯು ಒಪ್ಪದಿದ್ದಲ್ಲಿ ಉಚ್ಚ ನ್ಯಾಯಾಲಯದ ಮೊರೆ ಹೋಗಬಹುದು. ಪತ್ರ ಬರೆದಿರದ ರೋಗಿಗಳ ವಿಷಯದಲ್ಲಿಯೂ ಹತ್ತಿರದ ಬಂಧುಗಳ ಒಪ್ಪಿಗೆಯೊಂದಿಗೆ ಇದೇ ರೀತಿ ಎರಡು ಮಂಡಳಿಗಳ ಪರಿಶೀಲನೆ ನಡೆಯಬೇಕು.

8. ಗಮನಿಸಬೇಕಾದ ಅಂಶಗಳು

• ಚುಚ್ಚುಮದ್ದು ನೀಡಿ ಜೀವ ತೆಗೆಯುವ ಸಕ್ರಿಯ ದಯಾಮರಣವು ಭಾರತದಲ್ಲಿ ಅಪರಾಧವಾಗಿರುತ್ತದೆ.
• ಯಂತ್ರವನ್ನು ನಿಲ್ಲಿಸುವುದೆಂದರೆ ಆರೈಕೆಯನ್ನು ನಿಲ್ಲಿಸುವುದಲ್ಲ. ನೋವು ಶಮನ, ಶುಚಿತ್ವ, ಬಾಯಿ ಒಣಗದಂತೆ ನೋಡಿಕೊಳ್ಳುವುದು, ಬಂಧುಗಳು ಬಳಿಯಲ್ಲಿರಲು ಅವಕಾಶ ಕೊಡುವುದು ಕೊನೆಯ ಉಸಿರಿನವರೆಗೂ ಮುಂದುವರಿಯಬೇಕು.
• ಹಣವಿಲ್ಲವೆಂಬ ಕಾರಣಕ್ಕೆ ರೋಗಿಯನ್ನು ಮನೆಗೆ ಕರೆದೊಯ್ಯುವುದು ರೋಗಿಯ ಇಚ್ಛೆಯ ಪಾಲನೆ ಎನಿಸುವುದಿಲ್ಲ. ಇಂತಹ ಸಂದರ್ಭದಲ್ಲಿ ಸಿಬ್ಬಂದಿಯು ಲಭ್ಯವಿರುವ ಸರ್ಕಾರಿ ಯೋಜನೆಗಳ ಮಾಹಿತಿಯನ್ನು ಮೊದಲು ನೀಡತಕ್ಕದ್ದು.
• ವೃದ್ಧರಿಂದ ಆಸ್ತಿಯ ಕಾರಣಕ್ಕಾಗಿ ಬಲವಂತವಾಗಿ ಸಹಿ ಪಡೆಯಲಾಗುತ್ತಿದೆ ಎಂಬ ಅನುಮಾನ ಬಂದಲ್ಲಿ ದೃಢೀಕರಿಸುವ ಅಧಿಕಾರಿಯು ಅವರೊಂದಿಗೆ ಪ್ರತ್ಯೇಕವಾಗಿ ಮಾತನಾಡುವುದು ಸೂಕ್ತ.

ಪತ್ರ ಬರೆಯುವುದು ಕಡ್ಡಾಯವಲ್ಲ. ಕೊನೆಯವರೆಗೂ ಎಲ್ಲ ಚಿಕಿತ್ಸೆಯೂ ಬೇಕೆಂದು ಬಯಸುವವರ ಇಚ್ಛೆಯೂ ಅಷ್ಟೇ ಗೌರವಾರ್ಹವಾದುದು. ಬರೆಯಲಿ, ಬರೆಯದಿರಲಿ, ಈ ವಿಷಯವನ್ನು ಆರೋಗ್ಯವಾಗಿರುವಾಗಲೇ ಮನೆಯವರೊಡನೆ ಒಮ್ಮೆ ಮಾತನಾಡಿಡುವುದು ಒಳ್ಳೆಯದು. ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತ ಮಕ್ಕಳಿಗೆ ಆ ಒಂದು ಮಾತೇ ಆಧಾರವಾಗಬಲ್ಲದು. ಸಾರ್ವಜನಿಕರು ಈ ಅವಕಾಶದ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.