ಬೀದಿಯಲ್ಲಿ ಮೂಡಿದ ಮುಖಚಿತ್ರಗಳು

ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಅವುಗಳ ರಟ್ಟಿನ ಹೊದಿಕೆಗೂ ಒಂದು ಘನತೆಯಿತ್ತು. ಒಂದಡಿ ಅಗಲದ ಆ ಚಿತ್ರವನ್ನು ಕೈಯಲ್ಲಿ ಹಿಡಿದೇ ಹಾಡು ಕೇಳುವವರಿದ್ದರು. ಅಂಥ ಚಿತ್ರಗಳಲ್ಲಿ ಲೋಕಪ್ರಸಿದ್ಧವಾದ ಕೆಲವು ಸ್ಟುಡಿಯೋದ ದೀಪಗಳ ಕೆಳಗಲ್ಲ, ಜನ ತಿರುಗಾಡುವ ಬೀದಿಯಲ್ಲಿ ಮೂಡಿದವು ಎಂಬುದು ವಾಚಕರಿಗೆ ಕುತೂಹಲಕರವಾದೀತೆಂದು ಭಾವಿಸುತ್ತೇವೆ.

1969ರಲ್ಲಿ ಬೀಟಲ್ಸ್ ತಂಡದವರು ತಮ್ಮ ಹೊಸ ಧ್ವನಿಮುದ್ರಿಕೆಗೆ ‘ಎವರೆಸ್ಟ್’ ಎಂದು ಹೆಸರಿಡಲು ಯೋಚಿಸಿದ್ದರು. ಹಿಮಾಲಯದವರೆಗೆ ಹೋಗಿ ಚಿತ್ರ ತೆಗೆಸುವ ಮಾತೂ ಬಂದಿತ್ತು. ಕಡೆಗೆ ಲಂಡನ್ನಿನ ಅಬ್ಬೆ ರೋಡಿನಲ್ಲಿ, ತಾವು ಹಾಡುತ್ತಿದ್ದ ಸ್ಟುಡಿಯೋದ ಎದುರಿಗೇ ಕೆಲಸ ಮುಗಿಯಿತು. ಪರ್ವತವನ್ನು ಬಿಟ್ಟು ಹೊಸ್ತಿಲಿಗೆ ಬಂದರೆನ್ನಬೇಕು! ಆಗಸ್ಟ್ 8ರ ಬೆಳಿಗ್ಗೆ ಪೊಲೀಸರೊಬ್ಬರು ವಾಹನಗಳನ್ನು ತಡೆದು ನಿಲ್ಲಿಸಿದರು. ಛಾಯಾಗ್ರಾಹಕ ಇಯಾನ್ ಮ್ಯಾಕ್‌ಮಿಲನ್ ರಸ್ತೆಯ ನಡುವೆ ಏಣಿಯೇರಿ, ನಾಲ್ವರೂ ಬಿಳಿಯ ಪಟ್ಟೆಗಳ ಮೇಲೆ ದಾಟುತ್ತಿರಲು, ಸುಮಾರು ಹತ್ತು ನಿಮಿಷಗಳಲ್ಲಿ ಆರು ಚಿತ್ರಗಳನ್ನು ತೆಗೆದರು. ಆಯ್ಕೆಯಾದದ್ದು ಐದನೆಯದು. ಹೊದಿಕೆಯ ಮುಂಬದಿಯಲ್ಲಿ ತಂಡದ ಹೆಸರನ್ನೇ ಅಚ್ಚಿಸಲಿಲ್ಲ.

ಪಾಲ್ ಮ್ಯಾಕ್‌ಕಾರ್ಟ್ನಿ ಬರಿಗಾಲಿನಲ್ಲಿದ್ದುದೇ ಸಾಕಾಯಿತು. ಆತ ಎಂದೋ ಗತಿಸಿದ್ದಾನೆ, ಇವನು ಬೇರೆಯವನು ಎಂಬ ವದಂತಿಗೆ ಈ ಚಿತ್ರವೇ ಸಾಕ್ಷಿಯೆಂದು ಜನ ವಾದಿಸಿದರು. ಹಿಂದೆ ನಿಂತಿದ್ದ ವೋಕ್ಸ್‌ವ್ಯಾಗನ್ ಕಾರಿನ ನಂಬರಿನಲ್ಲಿಯೂ ಗೂಢಾರ್ಥ ಹುಡುಕಿದರು. ಆ ಕಾರು ನೆರೆಯ ವಸತಿಯವರದು. ಯಾರ ತಂಟೆಗೂ ಹೋಗದೆ ಅಲ್ಲಿ ನಿಂತಿತ್ತು. ಮುಂದೆ ಅದರ ನಂಬರ್ ಫಲಕ ಮತ್ತೆ ಮತ್ತೆ ಕಳುವಾಯಿತು.

ಬೀದಿಯ ಚಿತ್ರಕ್ಕೆ ಸಿಕ್ಕಿದವರ ಪಾಡು ಕೆಲವೊಮ್ಮೆ ಹೀಗೆಯೇ. 1963ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಜೋನ್ಸ್ ಸ್ಟ್ರೀಟಿನ ಕೊರೆಯುವ ಚಳಿಯಲ್ಲಿ ಗಾಯಕ ಬಾಬ್ ಡಿಲನ್ ಜೊತೆ ತೋಳು ಹಿಡಿದು ನಡೆದ ಸೂಝ್ ರೊಟೊಲೊ ಸ್ವತಃ ಕಲಾವಿದೆ. ಆದರೂ ಲೋಕ ಆಕೆಯನ್ನು ಬಹುಕಾಲ ‘ಹೊದಿಕೆಯ ಮೇಲಿನ ಹುಡುಗಿ’ ಎಂದೇ ಗುರುತಿಸಿತು. ಡಾನ್ ಹನ್‌ಸ್ಟೈನ್ ತೆಗೆದ ಆ ಚಿತ್ರದಲ್ಲಿ ಡಿಲನ್ ತೊಟ್ಟಿದ್ದುದು ತೆಳುವಾದ ಜಾಕೆಟ್. ಆಕೆಯಾದರೋ ಸ್ವೆಟರಿನ ಮೇಲೆ ಕೋಟು ಹಾಕಿಕೊಂಡಿದ್ದಳು. ವಿವೇಕ ಯಾರದೆಂದು ನಾವು ಹೇಳಬೇಕಾಗಿಲ್ಲ. ತನ್ನ ಕಥೆಯನ್ನು ತಾನೇ ಪುಸ್ತಕವಾಗಿ ಹೇಳಲು ಆಕೆಗೆ 2008ರವರೆಗೆ ಕಾಲ ಹಿಡಿಯಿತು. 2011ರಲ್ಲಿ ಆಕೆ ತೀರಿಕೊಂಡಳು.

ಅಬ್ಬೆ ರೋಡಿನ ಆ ದಾಟುದಾರಿಗೆ 2010ರಲ್ಲಿ ಬ್ರಿಟನ್ ಸರ್ಕಾರ ಸಂರಕ್ಷಿತ ಸ್ಮಾರಕದ ಸ್ಥಾನ ನೀಡಿತು. ಯಾತ್ರಿಕರು ಇಂದಿಗೂ ನಡು ರಸ್ತೆಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ, ವಾಹನದವರು ಕಾಯುತ್ತಾರೆ. 2020ರ ಮಾರ್ಚಿನಲ್ಲಿ ಮಹಾಮಾರಿಯಿಂದ ಬೀದಿ ಬರಿದಾದಾಗ, ಕೆಲಸಗಾರರು ಆ ಬಿಳಿಯ ಪಟ್ಟೆಗಳಿಗೆ ಹೊಸದಾಗಿ ಬಣ್ಣ ಬಳಿದರು.