ಪೋವಿಸ್: ಹಂತದ ತೋಟ ಮತ್ತು ಟಿಪ್ಪುವಿನ ಡೇರೆ

ವೇಲ್ಸ್ ನಾಡಿನ ನಡುಭಾಗದಲ್ಲಿ, ಇಂಗ್ಲೆಂಡಿನ ಗಡಿಗೆ ಸಮೀಪದಲ್ಲಿರುವ ವೆಲ್ಶ್‌ಪೂಲ್ ಎಂಬ ಸಣ್ಣ ಪೇಟೆಯ ಪಕ್ಕದ ಬಂಡೆಗುಡ್ಡದ ಮೇಲೆ ಕೆಂಪು ಮರಳುಗಲ್ಲಿನ ಪೋವಿಸ್ ಕೋಟೆಯಿದೆ. 13ನೆಯ ಶತಮಾನದಲ್ಲಿ ಸ್ಥಳೀಯ ವೆಲ್ಶ್ ಅರಸು ಮನೆತನವೊಂದು ಕಟ್ಟಿಸಿದ ಈ ಕೋಟೆಯನ್ನು 1587ರಲ್ಲಿ ಹರ್ಬರ್ಟ್ ಮನೆತನದ ಸರ್ ಎಡ್ವರ್ಡ್ ಕೊಂಡುಕೊಂಡನು. ಅಂದಿನಿಂದ ಅದು ಯುದ್ಧದ ಕೋಟೆಯಾಗಿ ಉಳಿಯದೆ ಕ್ರಮೇಣ ಶ್ರೀಮಂತರ ವಾಸದ ಮನೆಯಾಯಿತು. ಈಗ ಅದರ ತೋಟವನ್ನು ನೋಡಲು ಬರುವವರು ಕೆಲವರಾದರೆ, ಅದರೊಳಗಿನ ಭಾರತೀಯ ವಸ್ತುಗಳನ್ನು ನೋಡಲು ಬರುವವರು ಇನ್ನು ಕೆಲವರು. ಈ ಎರಡನ್ನೂ ಬೇರೆಬೇರೆ ಆಕರ್ಷಣೆಗಳೆಂದು ಎಣಿಸುವುದು ವಾಡಿಕೆಯಾಗಿದ್ದರೂ ತೋಟ ಉಳಿದ ಬಗೆಗೂ ಆ ವಸ್ತುಗಳು ಅಲ್ಲಿಗೆ ಬಂದ ಬಗೆಗೂ ಒಂದೇ ಮದುವೆಯ ನಂಟಿದೆ.

ತೋಟದ ಮುಖ್ಯ ಭಾಗವೆಂದರೆ ಕೋಟೆಯ ಬುಡದಿಂದ ಕೆಳಕ್ಕೆ ಇಳಿಯುವ ಹಂತಗಳು. ಕಡಿದಾದ ಬಂಡೆಯ ಇಳಿಜಾರನ್ನು ಕೊರೆದು, ಗೋಡೆ ಕಟ್ಟಿ, ಉದ್ದನೆಯ ಸಮತಟ್ಟು ಜಗಲಿಗಳನ್ನು ಒಂದರ ಕೆಳಗೊಂದರಂತೆ ನಿರ್ಮಿಸುವ ಈ ಕ್ರಮ ಇಟಲಿಯದು. ಪೋವಿಸ್‌ನಲ್ಲಿ ಅದರ ಕೆಲಸ 1680ರ ದಶಕದಲ್ಲಿ ಆರಂಭವಾಯಿತೆಂದೂ ವಿಲಿಯಂ ವಿಂಡ್ ಎಂಬ ವಾಸ್ತುಶಿಲ್ಪಿ ಅದರ ವಿನ್ಯಾಸಕನೆಂದೂ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಒಂದು ಹಂತದ ಗೋಡೆಯಲ್ಲಿ ಹಿಂದೆ ಹಕ್ಕಿಗಳನ್ನು ಸಾಕುತ್ತಿದ್ದ ಕಮಾನುಗೂಡುಗಳಿವೆ, ಅದರ ಕೆಳಗಿನ ಹಂತದಲ್ಲಿ ಕಿತ್ತಳೆ ಗಿಡಗಳನ್ನು ಚಳಿಗಾಲದಲ್ಲಿ ಒಳಗಿಟ್ಟು ಕಾಪಾಡುವ ಕಟ್ಟಡವಿದೆ. ಕಂಬಸಾಲಿನ ಕಟಾಂಜನದ ಮೇಲೆ ಕುಣಿಯುವ ಭಂಗಿಯಲ್ಲಿರುವ ಕುರಿಗಾಹಿ ಹುಡುಗ ಹುಡುಗಿಯರ ಪ್ರತಿಮೆಗಳು ದೂರಕ್ಕೆ ಕಲ್ಲಿನವೆಂದು ತೋರಿದರೂ ವಾಸ್ತವವಾಗಿ ಜಾನ್ ವ್ಯಾನ್ ನಾಸ್ಟ್‌ನ ಕಾರ್ಯಶಾಲೆಯಲ್ಲಿ ಸೀಸದಿಂದ ಎರಕ ಹೊಯ್ದವು. ಮೊದಲು ಹಂತಗಳ ಕೆಳಗಿನ ಬಯಲಿನಲ್ಲಿ ಕೊಳ, ಕಾಲುವೆ, ಕಾರಂಜಿಗಳ ಜಲೋದ್ಯಾನವೂ ಇತ್ತು. 19ನೆಯ ಶತಮಾನದ ಆರಂಭದಲ್ಲಿ ಅದನ್ನು ತೆಗೆದುಹಾಕಿದ್ದರಿಂದ ಅಲ್ಲಿ ಈಗ ವಿಶಾಲವಾದ ಹುಲ್ಲುಹಾಸು ಮಾತ್ರ ಇದೆ.

ಬ್ರಿಟನ್ನಿನಲ್ಲಿ ಇಂಥ ತೋಟಗಳು ಅನೇಕ ಇದ್ದವಾದರೂ ಹೆಚ್ಚಿನವು ಉಳಿಯಲಿಲ್ಲ. 18ನೆಯ ಶತಮಾನದ ನಡುವಿನಲ್ಲಿ ಕೇಪಬಿಲಿಟಿ ಬ್ರೌನ್ ಮುಂತಾದ ತೋಟ ವಿನ್ಯಾಸಕರ ಪ್ರಭಾವದಿಂದ ನೇರ ಗೆರೆಗಳ ತೋಟ ಹಳತೆನಿಸಿ, ಏರಿಳಿತದ ಹುಲ್ಲುಗಾವಲು, ಅಲ್ಲಲ್ಲಿ ಮರದ ಗುಂಪು, ಸಹಜವೆಂಬಂತೆ ಕಾಣುವ ಕೆರೆ ಇವುಗಳ ಭೂದೃಶ್ಯ ಶೈಲಿ ರೂಢಿಗೆ ಬಂದಾಗ, ಹಣವಿದ್ದ ಜಮೀನ್ದಾರರು ತಮ್ಮ ಅಜ್ಜಂದಿರ ತೋಟಗಳನ್ನು ನೆಲಸಮ ಮಾಡಿ ಹೊಸದನ್ನು ಮಾಡಿಸಿಕೊಂಡರು. ಪೋವಿಸ್‌ನಲ್ಲಿಯೂ 1770ರ ದಶಕದಲ್ಲಿ ವಿಲಿಯಂ ಎಮ್ಸ್ ಎಂಬಾತ ಸುತ್ತಲಿನ ಉಪವನವನ್ನು ಹೊಸ ಶೈಲಿಗೆ ತಿದ್ದಿದನು, ಆದರೆ ಹಂತಗಳು ಹಾಗೆಯೇ ಉಳಿದವು. 1784ರಲ್ಲಿ ಬಂದ ಪ್ರವಾಸಿ ಜಾನ್ ಬಿಂಗ್, ಹೂಪಾತಿಗಳಲ್ಲಿ ಕುದುರೆಗಳು ಮೇಯುತ್ತಿದ್ದ ತೋಟದ ದುಃಸ್ಥಿತಿಯನ್ನು ಬೇಸರದಿಂದ ದಾಖಲಿಸಿದ್ದಾನೆ. ಪರಂಪರೆಯ ಸಂರಕ್ಷಣೆಯೆಂದರೆ ಸದಾ ಕಾಳಜಿಯ ಫಲವೆಂದು ನಂಬುವವರಿಗೆ ಇದು ಇರಿಸುಮುರಿಸಿನ ಸಂಗತಿ. ಇಲ್ಲಿ ಅಲಕ್ಷ್ಯವೂ ಕಾಪಾಡಿದೆ.

ಹಂತಗಳ ಮೇಲಕ್ಕೆ ಹಸಿರು ಮೋಡದಂತೆ ಉಕ್ಕಿ ನಿಂತಿರುವ ಯೂ ಮರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಯೂ ಎಂಬುದು ಸೂಜಿಯಂಥ ಎಲೆಗಳ, ನಿಧಾನವಾಗಿ ಬೆಳೆಯುವ ನಿತ್ಯಹಸಿರು ಮರ. ಸೂಜಿಯೆಲೆಯ ಬಹುಪಾಲು ಮರಗಳಿಗಿಲ್ಲದ ಒಂದು ಗುಣ ಅದಕ್ಕಿದ್ದು, ಹಳೆಯ ಕಾಂಡದವರೆಗೆ ಕಡಿದರೂ ಮತ್ತೆ ಚಿಗುರುವುದರಿಂದ ಕತ್ತರಿಸಿ ಆಕಾರ ಕೊಡುವ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಮೊದಲಿಗೆ ಇಲ್ಲಿ ಪುಟ್ಟ ಶಂಕುವಿನಾಕಾರಕ್ಕೆ ಕತ್ತರಿಸಿ ಸಾಲಾಗಿ ಬೆಳೆಸಿದ್ದ ಈ ಗಿಡಗಳನ್ನು ಶೈಲಿ ಬದಲಾದ ಮೇಲೆ ಸ್ವೇಚ್ಛೆಯಾಗಿ ಬೆಳೆಯಬಿಟ್ಟು, ಮುಂದೆ ವಿಕ್ಟೋರಿಯಾ ಕಾಲದಲ್ಲಿ ಮತ್ತೆ ಕತ್ತರಿ ಹಿಡಿದಾಗ ಅವು ಆಗಲೇ ದೈತ್ಯಗಾತ್ರಕ್ಕೆ ಬೆಳೆದಿದ್ದವು. ಆದ್ದರಿಂದ ಇಂದು ಜನ ಮೆಚ್ಚುವ ಆ ಉಬ್ಬುತಗ್ಗಿನ ರೂಪ ಯಾವ ವಿನ್ಯಾಸಕನ ಕಲ್ಪನೆಯೂ ಅಲ್ಲ. ಹಿಂದೆ ಹತ್ತಾರು ಆಳುಗಳು ಏಣಿ ಹತ್ತಿ ಮಾಡುತ್ತಿದ್ದ ಈ ಕ್ಷೌರವನ್ನು ಈಗ ಯಂತ್ರದ ತೊಟ್ಟಿಲೇರಿದ ತೋಟಗಾರರು ಪ್ರತಿ ವರ್ಷ ವಾರಗಟ್ಟಲೆ ನಡೆಸುತ್ತಾರೆ.

ಬಿಂಗ್ ಬಂದು ಹೋದ ಆ 1784ರಲ್ಲಿಯೇ ಹರ್ಬರ್ಟ್ ಮನೆತನದ ಹೆನ್ರಿಯೆಟಾ, ಪ್ಲಾಸಿ ಕದನದ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಕ್ಲೈವ್‌ನನ್ನು ಮದುವೆಯಾದಳು. ಒಂದು ಕಡೆ ಪುರಾತನ ಪದವಿ ಮತ್ತು ಸಾಲ, ಇನ್ನೊಂದು ಕಡೆ ಬಂಗಾಳದಲ್ಲಿ ಗಳಿಸಿದ ಅಪಾರ ಹಣ. 1801ರಲ್ಲಿ ಹೆನ್ರಿಯೆಟಾಳ ಅಣ್ಣ ಮದುವೆಯಿಲ್ಲದೆ ತೀರಿಕೊಂಡಾಗ ಆಸ್ತಿ ಅವಳ ಮಗನ ಪಾಲಾಗಿ, ಅವನು 1807ರಲ್ಲಿ ಕ್ಲೈವ್ ಎಂಬ ಹೆಸರನ್ನು ಬಿಟ್ಟು ಹರ್ಬರ್ಟ್ ಎಂಬ ಹೆಸರನ್ನು ಇಟ್ಟುಕೊಂಡನು. ಶಿಥಿಲವಾಗಿದ್ದ ಕೋಟೆಗೂ ತೋಟಕ್ಕೂ ದುರಸ್ತಿಯ ಕಾಲ ಬಂದದ್ದು ಅನಂತರವೇ.

ಎಡ್ವರ್ಡ್ ಕ್ಲೈವ್ 1798ರಿಂದ 1803ರವರೆಗೆ ಮದರಾಸಿನ ಗವರ್ನರ್ ಆಗಿದ್ದನು. ಶ್ರೀರಂಗಪಟ್ಟಣ ಪತನಗೊಂಡು ಟಿಪ್ಪು ಸುಲ್ತಾನ್ ಮಡಿದದ್ದು ಆ ಅವಧಿಯಲ್ಲಿಯೇ, 1799ರ ಮೇ 4ರಂದು. ಮರುವರ್ಷ ಹೆನ್ರಿಯೆಟಾ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸುತ್ತಿದಳು. ಮಗಳು ಷಾರ್ಲಟ್ ಬರೆದಿಟ್ಟ ದಿನಚರಿ ಆ ಪ್ರಯಾಣಕ್ಕೆ ಆಧಾರವಾಗಿದೆ. ಟಿಪ್ಪುವಿನ ಚಿನ್ನದ ಹೊದಿಕೆಯ ಎಂಟು ಮೂಲೆಯ ಸಿಂಹಾಸನವನ್ನು ಕೊಳ್ಳೆ ಹಂಚುವ ಅಧಿಕಾರಿಗಳು ಒಡೆದು ತುಂಡು ಮಾಡಿದರು. ಅದರ ಕಟಾಂಜನದ ಮೇಲಿದ್ದ ಸಣ್ಣ ಹುಲಿತಲೆಗಳಲ್ಲಿ ಒಂದನ್ನು ಗವರ್ನರ್ ಜನರಲ್ ವೆಲ್ಲೆಸ್ಲಿ ಹೆನ್ರಿಯೆಟಾಳಿಗೆ ಕೊಟ್ಟನು. ಸಿಂಹಾಸನದ ಪಾದಪೀಠದ ದೊಡ್ಡ ಹುಲಿತಲೆಯೂ ಅದರ ಛತ್ರದ ಮೇಲಿದ್ದ ಹುಮಾ ಎಂಬ ಪೌರಾಣಿಕ ಪಕ್ಷಿಯೂ ಬ್ರಿಟನ್ನಿನ ರಾಜಸಂಗ್ರಹದಲ್ಲಿದ್ದರೆ, ಈ ಸಣ್ಣ ತಲೆ ಪೋವಿಸ್‌ನಲ್ಲಿದೆ: ಅಂಗೈಯಲ್ಲಿ ಹಿಡಿಯಬಹುದಾದ ಗಾತ್ರ, ಚಿನ್ನದ ತಗಡು, ಅದರಲ್ಲಿ ಕೂರಿಸಿದ ಮಾಣಿಕ್ಯ, ವಜ್ರ, ಪಚ್ಚೆ, ಗರ್ಜಿಸಲು ತೆರೆದ ಬಾಯಿ.

ಆದರೆ ಪೋವಿಸ್‌ನ ಸಂಗ್ರಹದಲ್ಲಿ ಹೆಚ್ಚು ಮಾತನಾಡುವ ವಸ್ತು ಹುಲಿತಲೆಯಲ್ಲ, ಡೇರೆ. ಬಣ್ಣ ಬರೆದು ಅದ್ದಿದ ಹತ್ತಿಬಟ್ಟೆಯ, ಅಂದರೆ ಚೀಟಿ ಬಟ್ಟೆಯ ಈ ಡೇರೆ ಟಿಪ್ಪುವಿನದೆಂದು ಪ್ರಸಿದ್ಧವಾಗಿದ್ದರೂ ಅದರ ಕಾಲ 18ನೆಯ ಶತಮಾನದ ಪೂರ್ವಾರ್ಧವೆಂದು ಸಂಶೋಧಕರು ಅಂದಾಜು ಮಾಡಿರುವುದರಿಂದ ಅವನು ಹುಟ್ಟುವ ಮೊದಲೇ ನೇಯ್ದು ಮುಗಿಸಿದ್ದಿರಬೇಕು. ಒಳಮೈಯ ಬಿಳಿ ನೆಲದ ಮೇಲೆ ಕಮಾನುಗಳ ಸಾಲು, ಪ್ರತಿ ಕಮಾನಿನೊಳಗೆ ಹೂದಾನಿ, ಅದರಿಂದ ಕವಲೊಡೆದು ಹರಡಿದ ಕೆಂಪು ಹೂಗಳು. ಹೊರಗಿನ ತೋಟದ ಗೋಡೆಯ ಕಮಾನುಗೂಡುಗಳನ್ನು ನೋಡಿ ಬಂದವರಿಗೆ ಈ ಹೋಲಿಕೆ ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಪೋವಿಸ್‌ನ ಒಡೆಯರು ಬಹುಕಾಲ ಈ ಡೇರೆಯನ್ನು ತೋಟದ ಔತಣಕೂಟಗಳಿಗೆ ಚಪ್ಪರವಾಗಿ ಬಳಸಿದರು! ಮಳೆಬಿಸಿಲಿಗೆ ಸಿಕ್ಕಿಯೂ ಬಣ್ಣ ಮಾಸದಿರುವುದು ನೇಕಾರರ ಮತ್ತು ಬಣ್ಣಗಾರರ ಕೈಚಳಕಕ್ಕೆ ಸಾಕ್ಷಿಯೇ ಹೊರತು ಮಾಲೀಕರ ಜೋಪಾನಕ್ಕಲ್ಲ.

1952ರಲ್ಲಿ ಪೋವಿಸ್‌ನ ಒಡೆಯನಾದ ನಾಲ್ಕನೆಯ ಅರ್ಲ್ ತೀರಿಕೊಂಡ ಬಳಿಕ ಕೋಟೆಯೂ ತೋಟವೂ ನ್ಯಾಷನಲ್ ಟ್ರಸ್ಟಿಗೆ ಸೇರಿದವು. 1895ರಲ್ಲಿ ಸ್ಥಾಪಿತವಾದ ಈ ದತ್ತಿಸಂಸ್ಥೆ ಸರ್ಕಾರದ ಇಲಾಖೆಯಲ್ಲ. ಸದಸ್ಯರ ಚಂದಾ, ಪ್ರವೇಶಶುಲ್ಕ, ಉಯಿಲಿನ ದಾನಗಳಿಂದ ನಡೆಯುವ ಅದು 1907ರ ಕಾಯಿದೆಯಂತೆ ಪರಭಾರೆ ಮಾಡಲಾಗದವೆಂದು ಘೋಷಿಸಿದ ಆಸ್ತಿಗಳನ್ನು ಮಾರುವಂತಿಲ್ಲ. ಈ ಭಾರತೀಯ ವಸ್ತುಗಳನ್ನಿಟ್ಟಿರುವ ಕ್ಲೈವ್ ಸಂಗ್ರಹಾಲಯ ಇಲ್ಲಿ ತೆರೆದದ್ದು 1987ರಲ್ಲಿ. ತನ್ನ ವಶದಲ್ಲಿರುವ ಸ್ಥಳಗಳಿಗೂ ವಸಾಹತುಶಾಹಿ ಮತ್ತು ಗುಲಾಮಗಿರಿಗೂ ಇರುವ ಸಂಬಂಧವನ್ನು ಟ್ರಸ್ಟ್ 2020ರಲ್ಲಿ ವರದಿಯಾಗಿ ಪ್ರಕಟಿಸಿದಾಗ ಪೋವಿಸ್ ಕೂಡ ಅದರಲ್ಲಿತ್ತು, ಆ ವರದಿಯ ಬಗ್ಗೆ ಬ್ರಿಟನ್ನಿನ ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ನಡೆಯಿತು. ಲೆಕ್ಕ ಬರೆದಿಟ್ಟದ್ದನ್ನು ಓದಿಹೇಳಿದರೆ ಸಿಟ್ಟೇಕೆ ಎಂಬುದು ಕನ್ನಡ ಓದುಗರಿಗೆ ಸಹಜವಾಗಿ ತೋರುವ ಪ್ರಶ್ನೆ.

ಹೋಗುವವರು ಮೊದಲು ಸಂಗ್ರಹಾಲಯವನ್ನು ನೋಡಿ, ಆಮೇಲೆ ತೋಟಕ್ಕೆ ಇಳಿಯುವುದು ಒಳ್ಳೆಯದು. ಹೂಪಾತಿಗಳು ತುಂಬಿಕೊಳ್ಳುವುದು ಬೇಸಿಗೆಯ ಕೊನೆಗೆ. ಮೇಲಿನ ಹಂತದಿಂದ ಸೆವರ್ನ್ ನದಿಯ ಕಣಿವೆ ಮತ್ತು ಅದರಾಚೆಯ ಗುಡ್ಡಗಳು ಕಾಣುತ್ತವೆ. ಕೆಳಗಡೆ, ಹಳೆಯ ತರಕಾರಿ ತೋಟವಿದ್ದ ಜಾಗದಲ್ಲಿ, ನಾಲ್ಕನೆಯ ಅರ್ಲ್‌ನ ಪತ್ನಿ ವಯಲೆಟ್ 20ನೆಯ ಶತಮಾನದ ಆರಂಭದಲ್ಲಿ ಮಾಡಿಸಿದ ಹೂದೋಟವಿದೆ. ಅಲ್ಲಿಂದ ವಾಪಸು ಏರುವ ದಾರಿ ಕಡಿದಾಗಿರುವುದರಿಂದ ವಯಸ್ಸಾದವರು ಸಾಕಷ್ಟು ಸಮಯ ಇಟ್ಟುಕೊಂಡು ಹೊರಡಬೇಕು.